ಊಟದ ಮೇಜಿನ ಮೇಲೆ ಮದರ್‌ಬೋರ್ಡುಗಳ ಪರೀಕ್ಷೆ

ನಮ್ಮ ಮನೆಯ ಕಂಪ್ಯೂಟರು ನಿಧಾನ. ಈ ಒಂದು ವಾಕ್ಯದ ಆಸರೆಯಲ್ಲಿ ನಾನು ಎರಡು ವರ್ಷ ನೆಮ್ಮದಿಯಾಗಿ ಬದುಕಿದ್ದೆ. ಈಗ ಅದನ್ನೂ ನನ್ನಿಂದ ಕಿತ್ತುಕೊಂಡಿದ್ದಾರೆ. ಕಿತ್ತುಕೊಂಡವರು ಇಬ್ಬರು. ಒಬ್ಬಳನ್ನು ನಾನೇ ಖುದ್ದಾಗಿ ನೋಡಿ ಮೆಚ್ಚಿ ಮದುವೆಯಾದೆ. ಇನ್ನೊಬ್ಬರು ಆಕೆಯ ತಾಯಿ.

ಅತ್ತೆಯ ಪರಿಚಯ ಮೊದಲು ಆಗಲಿ, ಏಕೆಂದರೆ ನಮ್ಮ ಮನೆಯಲ್ಲಿ ಎಲ್ಲವೂ ಅವರಿಂದಲೇ ಮೊದಲಾಗುತ್ತದೆ. ಅವರು ಗಣಿತದ ಟೀಚರಾಗಿ ನಿವೃತ್ತರಾದವರು. ಪಾಠ ಹೇಳಿದ್ದಕ್ಕಿಂತ ಪರೀಕ್ಷೆ ನಡೆಸಿದ್ದೇ ಹೆಚ್ಚು. ಪ್ರಶ್ನೆಪತ್ರಿಕೆ ತಯಾರಿಸುವುದು, ಕೊಠಡಿಯಲ್ಲಿ ಕಾವಲು ಕಾಯುವುದು, ಉತ್ತರಪತ್ರಿಕೆ ತಿದ್ದುವುದು, ಇದೇ ಅವರ ಜೀವಮಾನದ ಕೆಲಸ. ಈಗಲೂ ನಾನು ಪಕ್ಕದ ತಟ್ಟೆಯ ಕಡೆ ನೋಡಿದರೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಅವರು ಮೂವತ್ತು ವರ್ಷದಲ್ಲಿ ಮಕ್ಕಳಿಗೆಂದು ಕಟ್ಟಿದ ಲೆಕ್ಕಗಳೆಲ್ಲ ಮೂರು ದಪ್ಪ ನೋಟ್‌ಬುಕ್ಕುಗಳಲ್ಲಿ ತುಂಬಿಕೊಂಡಿವೆ. ಟೈಪು ಮಾಡಿಸಿಕೊಟ್ಟರೆ ಪುಸ್ತಕ ಮಾಡುತ್ತೇನೆ ಎಂದು ಒಬ್ಬ ಪ್ರಕಾಶಕ ಒಪ್ಪಿದ್ದ.

ಆಗ ನಾನು ಒಂದು ಭರ್ಜರಿ ಊಟದ ನಂತರದ ಔದಾರ್ಯದಲ್ಲಿ, ಯಾರೂ ಕೇಳದಿದ್ದರೂ, "ನಾನಿದ್ದೀನಲ್ಲ ಅತ್ತೆ! ಎರಡು ತಿಂಗಳಲ್ಲಿ ಮುಗಿಸಿಕೊಡ್ತೀನಿ" ಎಂದುಬಿಟ್ಟೆ.

ಎರಡು ವರ್ಷವಾಯಿತು. ಒಂಬತ್ತು ಪುಟ ಆಗಿದೆ. (ಒಂಬತ್ತನೆಯದು ಪೂರ್ತಿ ಆಗಿಲ್ಲ, ಆದರೆ ಅದನ್ನು ಅತ್ತೆಗೆ ಹೇಳಬೇಡಿ.)

ಪ್ರತಿ ಭಾನುವಾರ ಅತ್ತೆ ಚಹಾ ಲೋಟ ಕೆಳಗಿಟ್ಟು, "ಎಲ್ಲಿಗೆ ಬಂತು ಅಳಿಯಂದಿರೇ?" ಎನ್ನುತ್ತಾರೆ. ನಾನು ನಿಟ್ಟುಸಿರು ಬಿಟ್ಟು, "ಕಂಪ್ಯೂಟರು ನಿಧಾನ ಅತ್ತೆ" ಎನ್ನುತ್ತೇನೆ. ಅವರು ಲೋಟ ಮತ್ತೆ ಎತ್ತಿಕೊಳ್ಳುತ್ತಾರೆ. ಒಂದು ಭಾನುವಾರ ಮಾತ್ರ ಲೋಟ ಎತ್ತಿಕೊಳ್ಳಲಿಲ್ಲ. "ನಂಗೆ ಎಪ್ಪತ್ತನಾಲ್ಕು ತುಂಬ್ತು. ಪುಸ್ತಕ ಮಾರಾಟ ಆಗೋದೇನೂ ಬೇಡ, ಒಂದ್ಸಲ ಕೈಯಲ್ಲಿ ಹಿಡ್ಕೊಂಡು ನೋಡಿದ್ರೆ ಸಾಕಾಗಿತ್ತು" ಎಂದರು. ನನ್ನ ಕರುಳು ಚುರುಕ್ ಎಂದಿತು. ಹಾಗೆ ಚುರುಕ್ ಎಂದಾಗ ಮರ್ಯಾದಸ್ಥರು ಕೂತು ಟೈಪು ಮಾಡುತ್ತಾರೆ. ನಾನು ತಪ್ಪನ್ನು ಯಾರ ತಲೆಗೆ ಕಟ್ಟುವುದೆಂದು ಯೋಚಿಸಿದೆ.

ಅದು ನನ್ನ ವೃತ್ತಿಯ ಅಭ್ಯಾಸ. ವಿಮಾ ಕಚೇರಿಯಲ್ಲಿ ಪರಿಹಾರ ಕೇಳಿ ಬಂದ ಅರ್ಜಿಗಳನ್ನು ನೋಡಿ, ಅಪಘಾತಕ್ಕೆ ನಮ್ಮ ಕಂಪನಿಯೊಂದನ್ನು ಬಿಟ್ಟು ಉಳಿದ ಯಾರು ಕಾರಣ ಎಂದು ಬರೆಯುವುದೇ ನನಗೆ ಸಂಬಳ ಕೊಡುವ ಕೆಲಸ. ಹಾಗಾಗಿ ಬೇಗ ಹೊಳೆಯಿತು.

"ಅತ್ತೆ, ದೋಷ ಇರೋದು ಮದರ್‌ಬೋರ್ಡಲ್ಲಿ" ಎಂದೆ.

ಮದರ್‌ಬೋರ್ಡನ್ನೇ ಯಾಕೆ ಆರಿಸಿಕೊಂಡೆ ಎಂದರೆ, ಅದು ಕಣ್ಣಿಗೆ ಕಾಣುವುದಿಲ್ಲ. ಪೆಟ್ಟಿಗೆಯೊಳಗೆ ಎಲ್ಲವನ್ನೂ ಮೈಮೇಲೆ ಹೊತ್ತುಕೊಂಡು ಸುಮ್ಮನೆ ಮಲಗಿರುವ ಹಲಗೆ ಅದು. ಯಾರು ಏನಂದರೂ ತಿರುಗಿ ಮಾತಾಡುವುದಿಲ್ಲ. (ಮನೆಯಲ್ಲಿ ಅಂಥ ಇನ್ನೊಬ್ಬರು ಇದ್ದಾರೆ, ಅವರೇ ಈ ಕಥೆ ಹೇಳುತ್ತಿರುವುದು.) ಜೊತೆಗೆ ರಿಪೇರಿ ಅಂಗಡಿಯ ಗಾಜಿನ ಹಿಂದೆ ಒಂದು ಹೊಸ ಬೋರ್ಡು ಕೂತಿತ್ತು. ಅಗ್ಗದ ಮಾಲೇ, ಆದರೆ ಅಂಚಿನ ತುಂಬ ನೀಲಿ, ಕೆಂಪು, ನೇರಳೆ ದೀಪಗಳು. ಕಚೇರಿಯಿಂದ ಬರುವಾಗ ದಿನವೂ ಐದು ನಿಮಿಷ ಅದರ ದರ್ಶನ ಮಾಡಿ ಬರುತ್ತಿದ್ದೆ. ಅದು ಬಂದರೆ ಅದಕ್ಕೆ ತಕ್ಕ ಗಾಜಿನ ಪೆಟ್ಟಿಗೆ ಬೇಕಾಗುತ್ತದೆ, ಪೆಟ್ಟಿಗೆ ಬಂದರೆ ಅದಕ್ಕೆ ಸರಿಯಾದ ಪರದೆ, ಪರದೆ ಬಂದರೆ ಕುರ್ಚಿ. ಅತ್ತೆಯ ಪುಸ್ತಕದ ಹೆಸರಿನಲ್ಲಿ ನನಗೊಂದು ಸಾಮ್ರಾಜ್ಯ.

ಇಲ್ಲಿ ನನ್ನ ಹೆಂಡತಿ ಬಾಯಿ ಹಾಕಿದಳು. ಆಕೆ ರಕ್ತ ಪರೀಕ್ಷೆಯ ಲ್ಯಾಬಿನ ಮುಖ್ಯಸ್ಥೆ. ಪುರಾವೆ ಇಲ್ಲದೆ ನೆಗಡಿಯನ್ನೂ ನಂಬದವಳು.

"ಮದರ್‌ಬೋರ್ಡೇ ಅಂತ ಹೆಂಗೆ ಗೊತ್ತಾಯ್ತು?"

"ಅನುಭವ."

"ಪೆಟ್ಟಿಗೆ ಬಿಚ್ಚಿ ನೋಡಿದ್ರಾ?"

"ಬಿಚ್ಚಿ ನೋಡೋ ಅಗತ್ಯ ಇಲ್ಲ. ಅದರ ನಡವಳಿಕೆಯಿಂದಲೇ ತಿಳಿಯುತ್ತೆ."

"ರೀ, ನಮ್ಮ ಲ್ಯಾಬಿಗೆ ಬಂದವರ ಮುಖ ನೋಡಿ ನಾನು ಸಕ್ಕರೆ ಕಾಯಿಲೆ ಅಂತ ಬರೆದುಕೊಟ್ರೆ ನಡೆಯುತ್ತಾ? ಪರೀಕ್ಷೆ ಮಾಡಿ ತೋರಿಸಿ. ಆಮೇಲೆ ಹೊಸದು."

ಓದುಗರೇ, ಹೆದರಬೇಕಾದ ಜಾಗದಲ್ಲಿ ನಾನು ಹಿಗ್ಗಿದೆ. ಪರೀಕ್ಷೆ ನಡೆಸುವವನು ನಾನು, ಅಂಕ ಹಾಕುವವನು ನಾನು, ದೀಪದ ಬೋರ್ಡು ಗೆಲ್ಲದೆ ಎಲ್ಲಿ ಹೋದೀತು? ಊಟದ ಮೇಜನ್ನೇ ವೇದಿಕೆ ಮಾಡಿಕೊಂಡು, ಕೈ ಹಿಂದೆ ಕಟ್ಟಿ, ತಾಯಿ ಮಗಳಿಬ್ಬರಿಗೂ ವೈಜ್ಞಾನಿಕ ವಿಧಾನದ ಮೇಲೆ ಒಂದು ಉಪನ್ಯಾಸ ಕೊಟ್ಟೆ. ಬೋರ್ಡುಗಳನ್ನು ಹೋಲಿಸುವುದೆಂದರೆ ಹುಡುಗಾಟವಲ್ಲ. ಪ್ರೊಸೆಸರು ಅದೇ, ಮೆಮೊರಿ ಅದೇ, ಡಿಸ್ಕು ಅದೇ, ವಿದ್ಯುತ್ ಕೊಡುವ ಡಬ್ಬಿ ಅದೇ, ಕೋಣೆಯ ಶಾಖ ಕೂಡ ಅದೇ ಇರಬೇಕು. ಬದಲಾಗಬೇಕಾದ್ದು ಬೋರ್ಡು ಒಂದೇ. ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಎಲ್ಲ ಹಾಕಬೇಕು. ಪ್ರತಿ ಪರೀಕ್ಷೆಯನ್ನೂ ಮೂರು ಸಲ ಮಾಡಿ ಸರಾಸರಿ ತೆಗೆಯಬೇಕು. ರಕ್ತ ಪರೀಕ್ಷೆ ಮಾಡಿಯೇ ತಲೆಗೂದಲು ಹಣ್ಣಾದವಳಿಗೆ ಪರೀಕ್ಷೆ ಹೇಗೆ ಮಾಡಬೇಕೆಂದು ನಾನು ಮುಕ್ಕಾಲು ಗಂಟೆ ತಿಳಿಹೇಳಿದೆ. ಆಕೆ ಎಲ್ಲಕ್ಕೂ "ಓ, ಹೌದಾ?" ಎಂದಳು. ಮದುವೆಯಾದವರಿಗೆ ಆ "ಹೌದಾ" ಎಂಬುದರ ಅರ್ಥ ಗೊತ್ತಿರುತ್ತದೆ. ನನಗೆ ಆ ಹೊತ್ತಿನಲ್ಲಿ ಗೊತ್ತಾಗಲಿಲ್ಲ.

ಅತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸಿ, ಕರಾರು ಬರೆಯಲು ಕೂತರು. ಐದು ಅಗ್ಗದ ಬೋರ್ಡುಗಳಿಗೆ ಪರೀಕ್ಷೆ. ಮೊದಲ ಸ್ಥಾನ ಪಡೆದ ಬೋರ್ಡು ಈ ಮನೆಯ ಕಂಪ್ಯೂಟರಿಗೆ. ಅದಾದ ಮೇಲೆ ತಿಂಗಳಿಗೆ ಅರವತ್ತು ಪುಟದಂತೆ, ಉಳಿದ ಮುನ್ನೂರ ಅರವತ್ತು ಪುಟ ಆರು ತಿಂಗಳಲ್ಲಿ. ನಾನು ಸಹಿ ಹಾಕಿದೆ. ಗಾಜಿನ ಪೆಟ್ಟಿಗೆ ಕಣ್ಣಮುಂದೆ ಬಂದಾಗ ಮನುಷ್ಯ ಯಾವುದಕ್ಕೂ ಸಹಿ ಹಾಕುತ್ತಾನೆ.

ರಿಪೇರಿ ಅಂಗಡಿಯವರು ಹೆಂಡತಿಯ ಲ್ಯಾಬಿನ ಯಂತ್ರಗಳನ್ನೂ ನೋಡಿಕೊಳ್ಳುವವರಾದ್ದರಿಂದ, ಬೋರ್ಡುಗಳನ್ನು ಎರಡು ದಿನದ ಮಟ್ಟಿಗೆ ಕೊಡಲು ಒಪ್ಪಿದರು. ಶುಕ್ರವಾರ ನಾನು ಕಚೇರಿಯಲ್ಲಿದ್ದಾಗ ಅವರೇ ಮನೆಗೆ ಬಂದು, ನಮ್ಮ ಹಳೇ ಕಂಪ್ಯೂಟರನ್ನು ಬಿಚ್ಚಿ, ಪ್ರೊಸೆಸರು, ಮೆಮೊರಿ, ಡಿಸ್ಕುಗಳನ್ನು ಪರೀಕ್ಷೆಗೆಂದು ತೆಗೆದಿಟ್ಟರಂತೆ. ಹೆಂಡತಿ ಫೋನು ಮಾಡಿದಳು.

"ಹಳೇ ಮದರ್‌ಬೋರ್ಡ್ ಏನ್ಮಾಡ್ಲಿ?"

"ಬಿಸಾಕು!" ಎಂದೆ. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ.

"ಒಂದ್ಸಲ ನೋಡಲ್ವಾ?"

"ಅದರ ಮುಖ ನೋಡೋಕೂ ನಂಗೆ ಇಷ್ಟ ಇಲ್ಲ."

"ಸರಿ" ಎಂದಳು. ನನ್ನ ಹೆಂಡತಿ ಎರಡನೇ ಮಾತಿಲ್ಲದೆ ಸರಿ ಎಂದ ದಿನಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಆದರೂ ನನಗೆ ಅನುಮಾನ ಬರಲಿಲ್ಲ.

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ, ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು ಊಟದ ಮೇಜಿಗೆ ಬಂದರೆ, ಐದು ಬೋರ್ಡುಗಳು ಸಾಲಾಗಿ ಮಲಗಿವೆ. ಆದರೆ ಯಾವುದಕ್ಕೂ ಹೆಸರಿಲ್ಲ! ಕಂಪನಿಯ ಹೆಸರಿದ್ದ ಕಡೆಯೆಲ್ಲ ಬಿಳಿ ಕಾಗದ ಅಂಟಿಸಿದೆ. ದೀಪಗಳಿರಬಹುದಾದ ಅಂಚುಗಳಿಗೆಲ್ಲ, ದೀಪವಿರಲಿ ಇಲ್ಲದಿರಲಿ, ಕಪ್ಪು ಟೇಪು. ಒಂದೊಂದರ ಮೇಲೂ ಕೆಂಪು ಶಾಯಿಯಲ್ಲಿ ದುಂಡಗೆ ಒಂದು, ಎರಡು, ಮೂರು, ನಾಲ್ಕು, ಐದು.

"ಅತ್ತೆ, ಇದೇನು?"

"ರಿಜಿಸ್ಟರ್ ನಂಬರು. ಹೆಸರು ನೋಡಿ ಅಂಕ ಹಾಕೋದು ಅನ್ಯಾಯ. ನನ್ನ ಕಾಲದಲ್ಲಿ ನನ್ನ ಮಗಳ ಪೇಪರೇ ನನ್ನ ಮುಂದೆ ಬಂದಿತ್ತು, ನಂಗೆ ಗೊತ್ತೇ ಆಗ್ಲಿಲ್ಲ."

"ಮೂವತ್ತೆಂಟು ಕೊಟ್ಟಿದ್ರು" ಎಂದಳು ಹೆಂಡತಿ. ಆ ಗಾಯ ಇನ್ನೂ ಮಾಗಿಲ್ಲ.

ಯಾವ ನಂಬರು ಯಾವ ಬೋರ್ಡು ಎಂಬ ಪಟ್ಟಿಯನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ, ಅತ್ತೆ ತಮ್ಮ ಕೈಚೀಲಕ್ಕೆ ಸೇರಿಸಿದರು. ನನ್ನ ದೀಪದ ಸುಂದರಿ ಐವರಲ್ಲಿ ಯಾರು ಎಂದು ತಿಳಿಯುವ ದಾರಿಯೇ ಇಲ್ಲ. ಇರಲಿ, ಚೆಲುವು ಮುಚ್ಚಿದರೆ ಗುಣ ಮುಚ್ಚುತ್ತದೆಯೇ ಎಂದು ಸಮಾಧಾನ ಮಾಡಿಕೊಂಡು ಒಂದನೇ ನಂಬರನ್ನು ಕೈಗೆತ್ತಿಕೊಂಡೆ. ಪ್ರೊಸೆಸರು ಕೂರಿಸಿದೆ, ಅದರ ಮೇಲೆ ಬಟಾಣಿ ಕಾಳಿನಷ್ಟು ಶಾಖದ ಅಂಟು ಹಾಕಿ ಫ್ಯಾನು ಬಿಗಿದೆ, ಮೆಮೊರಿ ಒತ್ತಿದೆ, ತಂತಿಗಳನ್ನು ಚುಚ್ಚಿದೆ. ಪೆಟ್ಟಿಗೆಯಿಲ್ಲದ ಬೋರ್ಡಿಗೆ ಸ್ವಿಚ್ಚೂ ಇರುವುದಿಲ್ಲ, ಬೋರ್ಡಿನ ಮೇಲಿನ ಎರಡು ಪುಟ್ಟ ಲೋಹದ ಕಡ್ಡಿಗಳಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿದರೆ ಅದು ಏಳಬೇಕು. ತಾಗಿಸಿದೆ.

ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪು.

ಮತ್ತೆ ತಾಗಿಸಿದೆ. ಕಪ್ಪು. ನಾನು ಎದ್ದು ನಿಂತು, ಅಗ್ಗದ ಬೋರ್ಡು ತಯಾರಕರ ದುರಾಸೆ, ಕಳಪೆ ಬೆಸುಗೆ, ಗ್ರಾಹಕರ ಅಸಹಾಯಕತೆ ಇವುಗಳ ಮೇಲೆ ಹತ್ತು ನಿಮಿಷ ಮಾತಾಡಿ, ಒಂದನೇ ನಂಬರಿಗೆ ಸೊನ್ನೆ ಬರೆದೆ.

"ಆ ತಂತಿ ಯಾಕೆ ನೇತಾಡ್ತಿದೆ?" ಎಂದರು ಅತ್ತೆ.

ಪ್ರೊಸೆಸರಿಗೆ ವಿದ್ಯುತ್ ಕೊಡುವ ತಂತಿ. ಚುಚ್ಚಲು ಮರೆತಿದ್ದೆ.

"ಅದು ಅಷ್ಟು ಮುಖ್ಯವೇನಲ್ಲ ಅತ್ತೆ."

"ಪೇಪರ್ರೇ ಕೊಡ್ದೆ ಮಗೂನ ಫೇಲ್ ಮಾಡಿದ ಹಾಗಾಯ್ತು" ಎಂದು ಅತ್ತೆ ನನ್ನ ಸೊನ್ನೆಯನ್ನು ರಬ್ಬರಿನಿಂದ ಅಳಿಸಿದರು.

ತಂತಿ ಚುಚ್ಚಿದ ಮೇಲೆ ಒಂದನೇ ನಂಬರು ಎದ್ದಿತು. ಆದರೆ ಏಳುವಾಗ ಬೋರ್ಡು ತನ್ನ ಕಂಪನಿಯ ಹೆಸರನ್ನು ಪರದೆಯ ಮೇಲೆ ದೊಡ್ಡದಾಗಿ ಹಾಕಿಕೊಳ್ಳುತ್ತದಲ್ಲ? ಅದಕ್ಕೂ ಅತ್ತೆಯ ಬಳಿ ಮದ್ದಿತ್ತು. ನಾನು ಸ್ಕ್ರೂಡ್ರೈವರ್ ತಾಗಿಸುವಾಗೆಲ್ಲ ಅವರು ಪರೀಕ್ಷೆಯ ರಟ್ಟನ್ನು ಪರದೆಗೆ ಅಡ್ಡ ಹಿಡಿದು ನಿಲ್ಲುತ್ತಿದ್ದರು. ಹೆಂಡತಿ ಆ ಕಡೆಯಿಂದ ಇಣುಕಿ, "ಹೂಂ, ಆಯ್ತು" ಎಂದ ಮೇಲೆ ರಟ್ಟು ತೆಗೆಯುತ್ತಿದ್ದರು. ಕೈಗಡಿಯಾರ ಬೇರೆ ಅವರ ಕೈಯಲ್ಲೇ. ನಾನು ಬಗ್ಗಿ ನೋಡಲು ಹೋದರೆ, "ಅಕ್ಕಪಕ್ಕ ನೋಡ್ಬಾರ್ದು." ಈ ವಯಸ್ಸಿನಲ್ಲಿ, ನನ್ನದೇ ಊಟದ ಮೇಜಿನ ಮುಂದೆ, ನಾನು ಕಾಪಿ ಹೊಡೆಯುವ ಹುಡುಗನಾದೆ.

ಆ ಎರಡು ದಿನ ಮನೆಯಲ್ಲಿ ಮನುಷ್ಯರಿಗೆ ಜಾಗವಿರಲಿಲ್ಲ. ಕೋಣೆಯ ಶಾಖ ಒಂದೇ ಇರಬೇಕೆಂದು ನಾನೇ ಹೇಳಿದ್ದರಿಂದ ಫ್ಯಾನು ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ನನ್ನ ಬೆವರು ಬೋರ್ಡಿನ ಮೇಲೆ ಬೀಳದಂತೆ ಹೆಂಡತಿ ನನ್ನ ಹಣೆಗೆ ಟವೆಲು ಕಟ್ಟಿದಳು. ಅಡುಗೆಮನೆಯ ಒಲೆ ಉರಿಸಿದರೆ ಶಾಖ ಏರುತ್ತದೆಂದು ಎರಡು ದಿನವೂ ತಣ್ಣನೆಯ ಊಟ, ಅದೂ ನೆಲದ ಮೇಲೆ ಕೂತು. "ವೈಜ್ಞಾನಿಕವಾಗಿದೆ" ಎಂದು ಆಕೆ ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು. ನಾನು ಹೇಳಿದ ಒಂದೊಂದು ನಿಯಮವನ್ನೂ ಆಕೆ ನೆನಪಿಟ್ಟುಕೊಂಡಿದ್ದಳು. ಮದುವೆಯಾದಂದಿನಿಂದ ನನ್ನ ಮಾತನ್ನು ಆಕೆ ಇಷ್ಟು ಶ್ರದ್ಧೆಯಿಂದ ಪಾಲಿಸಿದ್ದು ಇದೇ ಮೊದಲು.

ಒಂದೊಂದು ಬೋರ್ಡಿಗೂ ಮೂರು ವಿಷಯ. ಎಷ್ಟು ಸೆಕೆಂಡಿನಲ್ಲಿ ಏಳುತ್ತದೆ. ಒಂದು ದೊಡ್ಡ ವಿಡಿಯೋವನ್ನು ಎಷ್ಟು ನಿಮಿಷದಲ್ಲಿ ಸಣ್ಣದು ಮಾಡುತ್ತದೆ. ಹಾಗೆ ಮಾಡುವಾಗ ಮೈ ಎಷ್ಟು ಕಾಯುತ್ತದೆ. ಮೈ ಮುಟ್ಟದೆ ಜ್ವರ ನೋಡುವ ಬಂದೂಕಿನಂಥ ಉಪಕರಣವೊಂದನ್ನು ಹೆಂಡತಿ ಲ್ಯಾಬಿನಿಂದ ತಂದಿದ್ದಳು. ಅದನ್ನು ಬೋರ್ಡಿಗೆ ಗುರಿಯಿಟ್ಟು ಒತ್ತುವಾಗ ನನಗೆ ದೊಡ್ಡ ಡಾಕ್ಟರಾದ ಭಾವನೆ ಬರುತ್ತಿತ್ತು.

ನಿಜ ಹೇಳಬೇಕೆಂದರೆ ಬೋರ್ಡುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಪ್ರೊಸೆಸರು ಅದೇ ಆದಮೇಲೆ ಕೆಲಸದ ವೇಗವೂ ಹೆಚ್ಚುಕಡಿಮೆ ಅದೇ. ಇದರಿಂದ ನನಗೆ ಸ್ವಲ್ಪ ಗಾಬರಿಯಾಯಿತು. ಎರಡನೇ ನಂಬರು ಮಾತ್ರ ಕಡಾಯಿಯಂತೆ ಕಾದು, ವಿಡಿಯೋದ ಅರ್ಧ ದಾರಿಯಲ್ಲಿ ಏದುಸಿರು ಬಿಟ್ಟು ನಿಧಾನವಾಯಿತು. ನಾನು ಅದನ್ನು ತೋರಿಸಿ, "ನೋಡಿದ್ರಾ? ನಮ್ಮ ಹಳೇ ಬೋರ್ಡಿನ ಬುದ್ಧಿ ಇದೇ. ಇದು ಅದರ ಒಡಹುಟ್ಟಿದ್ದೇ ಇರ್ಬೇಕು" ಎಂದೆ. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು.

ಆಮೇಲೆ ಬಂದಿತು ನಾಲ್ಕನೇ ನಂಬರು.

ಅದರ ಗಾಂಭೀರ್ಯವೇ ಬೇರೆ! ಹನ್ನೊಂದು ಸೆಕೆಂಡಿಗೆ ಎದ್ದು ಕೂತಿತು. ವಿಡಿಯೋ ಮುಗಿಸುವುದರಲ್ಲಿ ಎಲ್ಲರಿಗಿಂತ ಕೂದಲೆಳೆಯಷ್ಟು ಮುಂದೆ. ಮೈ ಮುಟ್ಟಿದರೆ ಬೆಚ್ಚಗೆ, ಅಷ್ಟೆ. ಅದರ ಮೇಲಿನ ಲೋಹದ ಹೊದಿಕೆಗಳೂ ದಪ್ಪನಾಗಿ, ಅಗ್ಗದ ಬೋರ್ಡಿಗೆ ಮೀರಿದ ಅಂತಸ್ತಿನವು. ನನ್ನ ಎದೆ ಡವಡವ ಹೊಡೆದುಕೊಂಡಿತು. ಇವಳೇ! ಟೇಪಿನ ಕೆಳಗೆ ನೀಲಿ, ಕೆಂಪು, ನೇರಳೆ ದೀಪಗಳು ಮಿನುಗುತ್ತಿರುವುದು ನನಗೆ ಸ್ಪಷ್ಟವಾಗಿ ಕಂಡಿತು. ಪ್ರೀತಿಗೆ ಕಣ್ಣು ಬೇಕಿಲ್ಲ.

ಭಾನುವಾರ ಸಂಜೆಯ ಚಹಾದ ಹೊತ್ತಿಗೆ ವರದಿ ಬರೆದೆ. ಕಚೇರಿಯಲ್ಲಿ ಅರ್ಜಿ ತಿರಸ್ಕರಿಸುವಾಗ ಬಳಸುವ ಭಾಷೆಯನ್ನೇ ಈ ಸಲ ಹೊಗಳಿಕೆಗೆ ತಿರುಗಿಸಿ, ಎದ್ದು ನಿಂತು ಓದಿದೆ:

"ಕೂಲಂಕಷ ಪರೀಕ್ಷೆಯ ನಂತರ, ನಾಲ್ಕನೇ ನಂಬರಿನ ಬೋರ್ಡು ಸರ್ವೋತ್ಕೃಷ್ಟವೆಂದು ಈ ಮೂಲಕ ಘೋಷಿಸಲಾಗಿದೆ. ಇದರ ವಿನ್ಯಾಸದಲ್ಲಿ ಅತ್ಯಾಧುನಿಕ ತಂತ್ರಜ್ಞಾನ ಎದ್ದು ಕಾಣುತ್ತದೆ. ಇಂಥ ಬೋರ್ಡು ಇರುವ ಕಂಪ್ಯೂಟರು ನಿಧಾನವಾಗಿದೆ ಎಂದು ಯಾರಾದರೂ ಹೇಳಿದರೆ, ದೋಷ ಬೋರ್ಡಿನದಲ್ಲ, ಹೇಳಿದವರದ್ದು ಎಂದು ನಿಸ್ಸಂಶಯವಾಗಿ ತೀರ್ಮಾನಿಸಬಹುದು."

"ಕೊನೇ ವಾಕ್ಯ ಇನ್ನೊಂದ್ಸಲ ಓದಿ" ಎಂದಳು ಹೆಂಡತಿ.

ಸಂತೋಷದಿಂದ ಓದಿದೆ.

"ಸಹಿ ಹಾಕಿ" ಎಂದರು ಅತ್ತೆ.

ಸಂತೋಷದಿಂದ ಹಾಕಿದೆ. ಅಷ್ಟರಲ್ಲಿ ಬೋರ್ಡುಗಳನ್ನು ವಾಪಸು ಒಯ್ಯಲು ರಿಪೇರಿ ಅಂಗಡಿಯವರೂ ಬಂದಿದ್ದರು. ಅವರೆದುರಿಗೆ ಲಕೋಟೆ ಒಡೆದು, ಅತ್ತೆ ಫಲಿತಾಂಶ ಓದಿದರು. ಒಂದು, ಮೂರು, ಐದನೇ ನಂಬರುಗಳ ಹೆಸರು ನನಗೆ ನೆನಪಿಲ್ಲ. ಎರಡನೇ ನಂಬರು, ಅರ್ಧ ದಾರಿಯಲ್ಲಿ ಏದುಸಿರು ಬಿಟ್ಟ ಕಡಾಯಿ, ನನ್ನ ದೀಪದ ಸುಂದರಿ.

"ಹಾಗಾದ್ರೆ ನಾಲ್ಕು?" ಎಂದೆ.

"ನಾಲ್ಕು ನಮ್ಮ ಮಾಲಲ್ಲ ಸರ್. ನಾನು ತಂದಿದ್ದು ನಾಲ್ಕೇ ಬೋರ್ಡು" ಎಂದರು ಅಂಗಡಿಯವರು. "ಅದು ನಿಮ್ದೇ. ನಿಮ್ಮ ಹಳೇ ಕಂಪ್ಯೂಟರಿಂದು."

ಹೆಂಡತಿ ಶಾಂತವಾಗಿ ವಿವರಿಸಿದಳು. "ಲ್ಯಾಬಲ್ಲಿ ದಿನಾ ಹಾಗೇ ಮಾಡೋದು. ಬಂದ ರಕ್ತಗಳ ಮಧ್ಯೆ ನಮಗೆ ಮೊದಲೇ ಗೊತ್ತಿರೋದು ಒಂದನ್ನ ಸೇರಿಸ್ತೀವಿ. ಯಂತ್ರ ಸರಿ ಇದೆಯಾ, ಪರೀಕ್ಷೆ ಮಾಡೋರು ಸರಿ ಇದಾರಾ ಅಂತ ಅದರಿಂದ ಗೊತ್ತಾಗುತ್ತೆ. ಯಂತ್ರ ಸರಿ ಇದೆ."

"ಆದರೆ ಅದು ನಿಧಾನ ಇತ್ತು! ಎರಡು ವರ್ಷದಿಂದ ನಿಧಾನ!"

"ಒಳಗೆ ಒಂದು ದಿಂಬಿಗೆ ಆಗುವಷ್ಟು ಧೂಳಿತ್ತು ಸರ್" ಎಂದರು ಅಂಗಡಿಯವರು. "ಡಿಸ್ಕಲ್ಲಿ ವೈರಸ್ ಹಿಡಿಯೋ ಸಾಫ್ಟ್‌ವೇರು ಮೂರು, ಒಂದನ್ನೊಂದು ಹಿಡೀತಾ ಕೂತಿದ್ವು. ಇಸ್ಪೀಟಾಟ ಹದಿನಾಲ್ಕು ಬಗೇದು. ಅಮ್ಮನವರ ಒಂಬತ್ತು ಪುಟ ಬೇರೆ ತೆಗೆದಿಟ್ಟು ಉಳಿದದ್ದೆಲ್ಲ ಅಳಿಸಿಯಾಯ್ತು, ನೀವೇ ಹೇಳಿದ್ರಂತಲ್ಲ, ಹೊಸದಾಗಿ ಹಾಕ್ಬೇಕು ಅಂತ."

"ಹದಿನಾಲ್ಕಾ?" ಎಂದರು ಅತ್ತೆ. ಅವರು ಎಣಿಕೆಯ ವಿಷಯದಲ್ಲಿ ನಿಖರ.

ನಾನು ಆ ಬೋರ್ಡಿನ ಮುಖವನ್ನು ಆಗ ಮೊದಲ ಬಾರಿಗೆ ನೋಡಿದೆ. ಬೈದದ್ದು ಬಿಟ್ಟರೆ ಅದಕ್ಕೂ ನನಗೂ ಮುಖಪರಿಚಯವೇ ಇರಲಿಲ್ಲ. ಕಾಗದ ಕಿತ್ತಾಗ ಅದರ ಮೂಲೆಯಲ್ಲಿ ಅದು ತಯಾರಾದ ಇಸವಿ ಅಚ್ಚಾಗಿತ್ತು, ಅತ್ಯಾಧುನಿಕ ಎನ್ನುವುದಕ್ಕೆ ಸ್ವಲ್ಪ ದೂರದ ಇಸವಿ. ಅಂಗಡಿಯವರು ಅದನ್ನು ಹತ್ತೇ ನಿಮಿಷದಲ್ಲಿ ಹಳೇ ಪೆಟ್ಟಿಗೆಯೊಳಗೆ ಬಿಗಿದು, ನನ್ನ ದೀಪದ ಸುಂದರಿಯನ್ನು ಕಂಕುಳಲ್ಲಿ ಹಿಡಿದುಕೊಂಡು ಹೊರಟುಹೋದರು. ಬಾಗಿಲಲ್ಲಿ ನಿಂತು ಬೀಳ್ಕೊಟ್ಟೆ.

ಒಳಗೆ ಬಂದರೆ ಮೇಜು ಒರೆಸಿ ಚೊಕ್ಕಟವಾಗಿತ್ತು. ಕಂಪ್ಯೂಟರು ಹನ್ನೊಂದು ಸೆಕೆಂಡಿಗೆ ಎದ್ದು ನನಗಾಗಿ ಕಾಯುತ್ತಿತ್ತು. ಪಕ್ಕದಲ್ಲಿ ಮೂರು ನೋಟ್‌ಬುಕ್ಕು.

ನಾನು ಕೂತೆ. ಬೆರಳು ಆಡಿಸಿದೆ. ಕೆಮ್ಮಿದೆ. "ಈ ಕೀಬೋರ್ಡು ಇದೆಯಲ್ಲ ಅತ್ತೆ, ಇದರ ಗುಂಡಿಗಳು ಸ್ವಲ್ಪ..."

ಅತ್ತೆ ತಿರುಗಿಯೂ ನೋಡಲಿಲ್ಲ. "ಅಂಗಡಿಯವರಿಗೆ ಫೋನ್ ಮಾಡಮ್ಮ" ಎಂದು ಮಗಳಿಗೆ ಹೇಳಿದರು. "ಐದು ಕೀಬೋರ್ಡು ಬೇಕಂತೆ. ಅಂಟು ಎಲ್ಲಿಟ್ಟೆ?"

"ಬೇಡ, ಬೇಡ" ಎಂದು ಹತ್ತನೇ ಪುಟಕ್ಕೆ ನೋಟ್‌ಬುಕ್ಕು ತೆರೆದೆ. ಪುಟದ ತುದಿಯ ಖಾಲಿ ಜಾಗದಲ್ಲಿ ಒಂದು ಲೆಕ್ಕ ಹೊಸದಾಗಿ ಸೇರಿತ್ತು. ಶಾಯಿ ಇನ್ನೂ ಹೊಳೆಯುತ್ತಿತ್ತು. ಬರೆದದ್ದನ್ನು ಬಿಡುವಂತಿಲ್ಲ, ಟೈಪು ಮಾಡಿದೆ:

"ಒಬ್ಬ ಅಳಿಯನು ಎರಡು ವರ್ಷಗಳಲ್ಲಿ ಒಂಬತ್ತು ಪುಟಗಳನ್ನು ಟೈಪು ಮಾಡುತ್ತಾನೆ. ಅದೇ ವೇಗದಲ್ಲಿ ಅವನು ಉಳಿದ ಮುನ್ನೂರ ಅರವತ್ತು ಪುಟಗಳನ್ನು ಮುಗಿಸುವ ಹೊತ್ತಿಗೆ, ಈಗ ಎಪ್ಪತ್ತನಾಲ್ಕು ವರ್ಷದವರಾಗಿರುವ ಅವನ ಅತ್ತೆಗೆ ಎಷ್ಟು ವರ್ಷವಾಗಿರುತ್ತದೆ?"

ನಾನು ತಲೆಯೆತ್ತಿದೆ. ಅತ್ತೆ ಎದುರಿನ ಕುರ್ಚಿಯಲ್ಲಿ ಕೂತು, ಚಹಾ ಲೋಟ ಕೈಯಲ್ಲಿ ಹಿಡಿದು, ನನ್ನನ್ನೇ ನೋಡುತ್ತಿದ್ದರು.

"ಉತ್ತರ ಕೊನೇ ಪುಟದಲ್ಲಿದೆ. ಆದ್ರೆ ನೋಡ್ಬಾರ್ದು, ನೀವೇ ಮಾಡಿ" ಎಂದರು.

ಮಾಡಿದೆ. ನೂರ ಐವತ್ತನಾಲ್ಕು. ಬಾಯಲ್ಲಿ ಹೇಳಲಾಗಲಿಲ್ಲ, ಟೈಪು ಮಾಡಿದೆ. ಕಂಪ್ಯೂಟರು ಒಂದು ಕ್ಷಣವೂ ತಡಮಾಡದೆ ಅದನ್ನು ಪರದೆಯ ಮೇಲೆ ತೋರಿಸಿತು.